ಆಫರ್ ಲೆಟರ್ ಜೊತೆ ಬಂದ ಆ ಒಂದು ಫಾರಂ

ಹಳೇ ಕೆಲಸದಲ್ಲಿದ್ದಾಗ ಡಿಪ್ರೆಶನ್ ಆಗಿ 14 ವಾರ ಸಿಕ್ ಲೀವ್ ಹಾಕಿದ್ದೆ. ಹುಷಾರಾಗಿ ವಾಪಸ್ ಹೋದೆ. ಅದೇ ಕುರ್ಚಿಯಲ್ಲಿ ಕೂತು ಮತ್ತೂ ಒಂದು ವರ್ಷ ಕೆಲಸ ಮಾಡಿದೆ. ಆಮೇಲೆ ಬೇರೆ ಕೆಲಸ ಹುಡುಕಲು ಶುರು ಮಾಡಿದಾಗ ಇಂಟರ್‌ವ್ಯೂಗಿಂತ ಜಾಸ್ತಿ ತಲೆ ತಿಂದದ್ದು ಒಂದೇ ಪ್ರಶ್ನೆ. ಆ 14 ವಾರದ ಬಗ್ಗೆ ಹೇಳಬೇಕಾ, ಬೇಡವಾ?

ಮೊದಲ ಇಂಟರ್‌ವ್ಯೂನಲ್ಲೇ ಎಡವಿದೆ. "ನಿಮ್ಮ ಬಗ್ಗೆ ಹೇಳಿ" ಅಂದರು ಅಷ್ಟೇ. ನಾನು ಎಲ್ಲ ಸುರಿದುಬಿಟ್ಟೆ. ನಿದ್ದೆ ಬಾರದ ರಾತ್ರಿಗಳು, ಮಾತ್ರೆ, ಕೌನ್ಸೆಲಿಂಗ್, ಒಂದೂ ಬಿಡಲಿಲ್ಲ. ಎದುರಿಗಿದ್ದವರು ಪೆನ್ನು ಕೆಳಗಿಟ್ಟರು. ಒಬ್ಬರು "ಅಯ್ಯೋ ಪಾಪ" ಎಂದರು. ಆಮೇಲೆ ನನ್ನ ಕೆಲಸದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೆಲಸ ಸಿಗದಿದ್ದಕ್ಕೆ ಅದೇ ಕಾರಣ ಅಂತ ಹೇಳಲಾರೆ, ನನಗಿಂತ ಚೆನ್ನಾಗಿ ಮಾಡಿದವರು ಬಂದಿದ್ದಿರಬಹುದು. ಆದರೆ ನನಗೇನು ಕೆಲಸ ಬರುತ್ತದೆ ಅಂತ ತೋರಿಸಲು ಸಿಕ್ಕಿದ್ದ ಅರ್ಧ ಗಂಟೆಯನ್ನು ನಾನೇ ಕಾಯಿಲೆಗೆ ಕೊಟ್ಟಿದ್ದೆ.

ಇದನ್ನೆಲ್ಲ ನನ್ನ ಡಾಕ್ಟರ್ ಹತ್ತಿರ ಹೇಳಿದೆ. "ಕೇಳದೇ ಇದ್ದದ್ದನ್ನು ಹೇಳದೇ ಇರೋದು ಬೇರೆ, ಕೇಳಿದಾಗ ಸುಳ್ಳು ಹೇಳೋದು ಬೇರೆ. ಎರಡನ್ನೂ ಒಂದೇ ಮಾಡ್ಕೋಬೇಡಿ" ಎಂದರು. ಹೊಸ ಕೆಲಸಕ್ಕೆ ಸೇರುವ ಮೊದಲು ಮಾತ್ರೆ ನಿಲ್ಲಿಸಿಬಿಡಲಾ, ಆಗ "ಈಗ ಏನೂ ತಗೊಳ್ತಿಲ್ಲ" ಅನ್ನಬಹುದಲ್ಲ ಅಂತಲೂ ಕೇಳಿದೆ. ಚೆನ್ನಾಗಿ ಬೈಸಿಕೊಂಡೆ. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸುವುದು ಸಾಮಾನ್ಯ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಏಕಾಏಕಿ ನಿಲ್ಲಿಸಿದರೆ ತಲೆಸುತ್ತು ಬರಬಹುದು, ಕಾಯಿಲೆಯೇ ಮರಳಬಹುದು.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಕೆಲಸ ಕೊಡುತ್ತೇವೆ ಅನ್ನುವ ಮೊದಲು ಆರೋಗ್ಯದ ಬಗ್ಗೆ ಕೇಳುವಂತಿಲ್ಲ. ಅಮೆರಿಕದಲ್ಲೂ 1990ರ ಅಂಗವಿಕಲರ ಕಾಯ್ದೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಾಹಿತಿ ಗುಟ್ಟಾಗಿಡುವ ಹೊಣೆಯನ್ನು ಡಾಕ್ಟರ ಮೇಲೆ ಹಾಕಿದೆ. ನೀವಿರುವ ಕಡೆ ಏನಿದೆ ಅಂತ ಮೊದಲೇ ನೋಡಿಕೊಳ್ಳಿ.

ಮುಂದಿನ ಇಂಟರ್‌ವ್ಯೂನಲ್ಲಿ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಫರ್ ಬಂತು. ಅದರ ಬೆನ್ನಿಗೇ ಒಂದು ಮೆಡಿಕಲ್ ಫಾರಂ. "ಕಳೆದ ಮೂರು ವರ್ಷಗಳಲ್ಲಿ ಅನಾರೋಗ್ಯದಿಂದ ಎರಡು ವಾರಕ್ಕಿಂತ ಹೆಚ್ಚು ರಜೆ ಪಡೆದಿದ್ದೀರಾ?" ಪಕ್ಕದಲ್ಲಿ ಹೌದು, ಇಲ್ಲ ಅಂತ ಎರಡು ಚೌಕ. ಕೆಳಗೆ ವಿವರಕ್ಕೆ ಒಂದೇ ಗೆರೆ.

ಮೂರು ಸಲ "ಇಲ್ಲ" ಒತ್ತಿದೆ, ಮೂರು ಸಲ ತೆಗೆದೆ. ಹೆದರಿಕೆ ಇತ್ತು. ಆದರೆ ಸಹಿ ಹಾಕಿದ ಕಾಗದದಲ್ಲಿ ಸುಳ್ಳು ಬರೆದರೆ, ಮುಂದೆ ಯಾವಾಗಲಾದರೂ ಹೊರಬಿದ್ದಾಗ ಕೆಲಸ ಹೋಗುವುದು ಕಾಯಿಲೆಯಿಂದಲ್ಲ, ಆ ಸುಳ್ಳಿನಿಂದ. ಕೊನೆಗೆ ಹೀಗೆ ಬರೆದೆ: "ಹೌದು, ಒಮ್ಮೆ, 14 ವಾರ. ಚಿಕಿತ್ಸೆ ಪಡೆದು ಪೂರ್ಣಾವಧಿ ಕೆಲಸಕ್ಕೆ ಮರಳಿದ್ದೇನೆ. ಆ ನಂತರ ಇದೇ ಕಾರಣಕ್ಕೆ ರಜೆ ಹಾಕಿಲ್ಲ. ವೈದ್ಯರ ಪತ್ರ ಲಗತ್ತಿಸಿದೆ." ಕಾಯಿಲೆಯ ಹೆಸರು ಬರೆಯಲಿಲ್ಲ, ಏಕೆಂದರೆ ಫಾರಂ ಅದನ್ನು ಕೇಳಿರಲಿಲ್ಲ. ಡಾಕ್ಟರು ಮೊದಲು ಕೊಟ್ಟ ಪತ್ರದಲ್ಲಿ ಹೆಸರಿತ್ತು. ಕೆಲಸ ಮಾಡಲು ಸಮರ್ಥರು ಅಂತ ಮಾತ್ರ ಇರಲಿ ಎಂದು ಕೇಳಿ ಬೇರೆ ಬರೆಸಿಕೊಂಡೆ.

ಎರಡು ದಿನ ಬಿಟ್ಟು ಎಚ್‌ಆರ್‌ನವರು ಫೋನ್ ಮಾಡಿದರು. "ಏನಾಗಿತ್ತು ಅಂತ ಕೇಳಬಹುದಾ?" ಉತ್ತರವನ್ನು ಚೀಟಿಯಲ್ಲಿ ಬರೆದು, ಕನ್ನಡಿ ಮುಂದೆ ನಿಂತು ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ. "ಮಾನಸಿಕ ಆರೋಗ್ಯದ ತೊಂದರೆ. ಚಿಕಿತ್ಸೆ ಆಯಿತು. ಒಂದು ವರ್ಷದಿಂದ ಇದೇ ಥರದ ಕೆಲಸ ಮಾಡ್ತಾ ಇದ್ದೀನಿ." ಮೊದಲ ಮಾತಿಗೇ ದನಿ ನಡುಗಿತು, ಇರಲಿ. ಆ ಕಡೆ ಸದ್ದಿಲ್ಲ. ಹೇಳುವುದಕ್ಕಿಂತ ಕಷ್ಟವಾದದ್ದು ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ಆ ಮೌನ ತುಂಬಲು ಇನ್ನೇನಾದರೂ ಹೇಳಿಬಿಡೋಣ ಅನ್ನಿಸುತ್ತದೆ. ಹೇಳಲಿಲ್ಲ. ಬದಲಿಗೆ, "ಈ ಫಾರಂ ಯಾರ್ಯಾರು ನೋಡ್ತಾರೆ?" ಎಂದು ಕೇಳಿದೆ. ಎಚ್‌ಆರ್ ಮಾತ್ರ, ಮ್ಯಾನೇಜರ್‌ಗೆ ಹೋಗಲ್ಲ ಎಂದರು. ಅದನ್ನೇ ಒಂದು ಸಾಲು ಮೇಲ್ ಮಾಡಿ ಅಂದೆ. ಮಾಡಿದರು. ಮುಂದಿನ ವಾರ ಸೇರುವ ತಾರೀಖು ಬಂತು.

ಮ್ಯಾನೇಜರ್‌ಗೆ ಹೇಳಿದ್ದು ಸೇರಿ ಎರಡು ತಿಂಗಳಾದ ಮೇಲೆ, ಅದೂ ಬೇಕಾದಷ್ಟೇ. "ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗಬೇಕು ಸರ್. ಆ ದಿನ ಒಂದು ಗಂಟೆ ತಡ ಆಗುತ್ತೆ, ಸಂಜೆ ಕೂತು ಮುಗಿಸ್ತೀನಿ." ಅವರು "ಯಾವ ದಿನ?" ಎಂದು ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡರು. ಎಲ್ಲ ಮ್ಯಾನೇಜರ್‌ಗಳೂ ಹೀಗಿರುವುದಿಲ್ಲ, ನನಗೆ ಗೊತ್ತು.

ಟೀಮಿನಲ್ಲಿ ಯಾರಿಗೂ ಹೇಳಿಲ್ಲ. ಮೊನ್ನೆ ಪಕ್ಕದ ಸೀಟಿನವಳು "ಪ್ರತಿ ತಿಂಗಳೂ ಡಾಕ್ಟರ್ ಹತ್ರ ಹೋಗ್ತೀರಲ್ಲ, ಹಲ್ಲಿಗೆ ಕ್ಲಿಪ್ ಹಾಕಿಸ್ತಿದ್ದೀರಾ?" ಅಂದಳು. "ಹಲ್ಲೆಲ್ಲ ಗಟ್ಟಿಯಾಗಿದೆ ಕಣಮ್ಮ" ಅಂದೆ.