‘ಅರ್ಥ ಆಯ್ತಾ?’ ಅಂತ ಕೇಳಬೇಡಿ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮಹಡಿ ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರು ಮಾಡುವವರು ಪಿಪಿಪಿ, ಸಿಸಿಕ್ಯೂ, ಟಿಟಿಟಿ ಅಂತೆಲ್ಲ ಪಾಠ ಹೇಳುವ ಕಲೆಯ ಪದಗಳನ್ನು ಬಾಯಿಪಾಠ ಮಾಡಿರುತ್ತಾರೆ. ಬೋರ್ಡ್ ಮುಂದೆ ನಿಂತರೆ ಮಾತ್ರ ಅದೇ ಹಳೇ ಗ್ರಾಮರ್ ಭಾಷಣ. ‘ಯೂಸ್ಡ್ ಟು’, ಅಂದರೆ ಮೊದಲು ಮಾಡುತ್ತಿದ್ದೆ, ಈಗ ಇಲ್ಲ ಅನ್ನುವ ಒಂದೇ ಪಾಠ ಹಿಡಿದು ನೋಡೋಣ.

ಪಿಪಿಪಿ ಅಂದರೆ ಪ್ರೆಸೆಂಟೇಷನ್, ಪ್ರಾಕ್ಟೀಸ್, ಪ್ರೊಡಕ್ಷನ್. ಮೊದಲು ತೋರಿಸಿ, ಆಮೇಲೆ ರೂಢಿ ಮಾಡಿಸಿ, ಕೊನೆಗೆ ವಿದ್ಯಾರ್ಥಿಗಳನ್ನು ಅವರ ಪಾಡಿಗೆ ಮಾತಾಡಲು ಬಿಡಿ.

ಶುರುವಿಗೆ ಎಲಿಸಿಟಿಂಗ್. ನೀವೇ ಹೇಳಿಬಿಡದೆ ಅವರ ಬಾಯಿಂದ ಹೊರಡಿಸುವುದು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನ ಫೋಟೊ ತೋರಿಸಿ. ಒಬ್ಬ ಅಜ್ಜಿ ಮೊದಲು ಇಲ್ಲಿ ಮಲ್ಲಿಗೆ ಮಾರುತ್ತಿದ್ದರು, ಈಗ ಮನೆಯಲ್ಲಿದ್ದಾರೆ ಅನ್ನಿ. ವಿದ್ಯಾರ್ಥಿಗಳಿಂದ ಇಂಗ್ಲಿಷಿನಲ್ಲಿ ಬಂದಷ್ಟು ಬರಲಿ. ಆಮೇಲೆ ಬರೆಯಿರಿ: ‘ಶಿ ಯೂಸ್ಡ್ ಟು ಸೆಲ್ ಜಾಸ್ಮಿನ್.’

ಎಲ್ಲರೂ ಎಡವುವುದು ಇಲ್ಲೇ. ‘ಅರ್ಥ ಆಯ್ತಾ?’ ಅಂದರೆ ಇಡೀ ಕ್ಲಾಸ್ ‘ಹೂಂ ಮೇಡಂ’ ಅನ್ನುತ್ತದೆ. ಮಾರನೇ ದಿನ ಒಬ್ಬ ಬಂದು ‘ಡೈಲಿ ಐ ಯೂಸ್ಡ್ ಟು ಗೆಟ್ ಅಪ್ ಅಟ್ ಸಿಕ್ಸ್’ ಅನ್ನುತ್ತಾನೆ. ಅವನು ಈಗಲೂ ಆರಕ್ಕೇ ಏಳುವವನು! ಅದಕ್ಕೇ ಬೇಕು ಸಿಸಿಕ್ಯೂ, ಅಂದರೆ ಕಾನ್ಸೆಪ್ಟ್ ಚೆಕ್ಕಿಂಗ್ ಕ್ವೆಶ್ಚನ್. ಅಜ್ಜಿ ಈಗ ಮಲ್ಲಿಗೆ ಮಾರುತ್ತಾರಾ? ಇಲ್ಲ. ಮೊದಲು ಮಾರುತ್ತಿದ್ದರಾ? ಹೌದು. ಒಂದೇ ದಿನವಾ, ತುಂಬಾ ದಿನವಾ? ತುಂಬಾ ದಿನ. ಪ್ರಶ್ನೆಯೊಳಗೆ ‘ಯೂಸ್ಡ್ ಟು’ ನುಸುಳಬಾರದು. ಉತ್ತರ ಒಂದೆರಡು ಪದದಲ್ಲಿ ಮುಗಿಯಬೇಕು. ಹಿಂದಿನ ಬೆಂಚಿನವರನ್ನು ಹೆಸರು ಹಿಡಿದು ಕೇಳಿ, ಮುಂದಿನವರು ಹೇಗಿದ್ದರೂ ಹೇಳುತ್ತಾರೆ. ಬೋರ್ಡ್ ಮೇಲೆ ಗೆರೆ ಎಳೆದು ‘ಈಗ’ ಅಂತ ಗುರುತು ಮಾಡಿ, ಅದರ ಎಡಕ್ಕೆ ನಾಲ್ಕೈದು ಇಂಟು ಹಾಕಿ, ಬಲಕ್ಕೆ ಖಾಲಿ ಬಿಡಿ. ಇದು ಟೈಮ್‌ಲೈನ್. ಈ ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ, ನಿಂತಲ್ಲಿ ಹೊಳೆಯುವುದಿಲ್ಲ. ಹೊಸಬರಿಗೆ ಕನ್ನಡದಲ್ಲೇ ಕೇಳಿ. ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಹಾಕುವುದು ಶುದ್ಧ ದಡ್ಡತನ.

ಆಮೇಲೆ ರೂಢಿ ಮಾಡಿಸುವ ಡ್ರಿಲ್ಲಿಂಗ್. ಅದು ಸುಲಭ: ಒಟ್ಟಿಗೆ ಹೇಳಿಸಿ, ಆಮೇಲೆ ಒಬ್ಬೊಬ್ಬರಿಂದ. ಆಡುವಾಗ ‘ಯೂಸ್ಡ್ ಟು’ ಅನ್ನುವುದು ‘ಯೂಸ್ಟು’, ‘ಡ’ ಕೇಳಿಸುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ದಿಢೀರ್ ಇಂಗ್ಲಿಷ್ ಪುಸ್ತಕಗಳಿಂದ ವಾಕ್ಯ ಕದಿಯಬೇಡಿ, ಸುಮ್ನೆ ದುಡ್ಡು ದಂಡ.

ಕೊನೆಗೆ ಇಬ್ಬಿಬ್ಬರನ್ನು ಕೂರಿಸಿ, ಚಿಕ್ಕವರಿದ್ದಾಗ ಏನು ಮಾಡುತ್ತಿದ್ದರು ಅಂತ ಮಾತಾಡಿಸಿ. ಈಗ ಟಿಟಿಟಿ, ಅಂದರೆ ಟೀಚರ್ ಟಾಕಿಂಗ್ ಟೈಮ್, ಆದಷ್ಟು ಕಮ್ಮಿ ಇರಲಿ. ತಪ್ಪು ಕಿವಿಗೆ ಬಿದ್ದರೂ ಮಧ್ಯೆ ಬಾಯಿ ಹಾಕಬೇಡಿ. ಚೀಟಿಯಲ್ಲಿ ಗುರುತು ಹಾಕಿಕೊಂಡು, ಮಾತು ಮುಗಿದ ಮೇಲೆ ಯಾರ ಹೆಸರೂ ಹೇಳದೆ ಬೋರ್ಡ್ ಮೇಲೆ ಬರೆಯಿರಿ. ಅವರೇ ತಿದ್ದಲಿ.