ದ್ರಾಕ್ಷಿಗೆ ಹೊಸ ಜೀನ್: ಬ್ಯಾಕ್ಟೀರಿಯಾದಿಂದ ಕೆಲಸ ಮಾಡಿಸುವುದು ಹೇಗೆ?

ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಗೆ ಡೌನಿ, ಬೂದಿ ರೋಗ ತಡೆಯುವ ಶಕ್ತಿ ಬೇಕು. ಕಾಡು ದ್ರಾಕ್ಷಿಯ ಜೊತೆ ಕ್ರಾಸ್ ಮಾಡಿದರೆ ಆಯ್ತಲ್ವಾ? ಅಷ್ಟು ಸುಲಭವಲ್ಲ. ಈ ತಳಿಯ ಹಣ್ಣಿನಲ್ಲಿ ಬೀಜ ಕಟ್ಟಲು ಶುರುವಾಗಿ ಅರ್ಧಕ್ಕೇ ನಿಂತುಹೋಗುತ್ತದೆ. ಹಾಗಾಗಿ ಇದನ್ನು ತಾಯಿ ಗಿಡ ಮಾಡಿಕೊಳ್ಳುವುದೇ ಕಷ್ಟ. ಪರಾಗ ಮಾತ್ರ ಬಳಸಿದರೂ ಹುಟ್ಟುವ ಸಸಿ ಥಾಮ್ಸನ್ ಆಗಿರುವುದಿಲ್ಲ. ರುಚಿ, ಗೊಂಚಲು, ಒಣದ್ರಾಕ್ಷಿಗೆ ಬೇಕಾದ ಗುಣ ಎಲ್ಲವೂ ಬದಲಾಗುತ್ತವೆ. ವಿಜಯಪುರದ ಬೆಳೆಗಾರರು ಬೀಜ ಬಿತ್ತದೆ ಕಸಿ ಕಟ್ಟುವುದೂ ಇದೇ ಕಾರಣಕ್ಕೆ.

ತಳಿ ಹಾಗೇ ಉಳಿದು ಒಂದು ಗುಣ ಮಾತ್ರ ಸೇರಬೇಕಾದರೆ ಜೀನನ್ನೇ ಒಳಗೆ ಕಳಿಸಬೇಕು. ಆ ಕೆಲಸಕ್ಕೆ ಇರುವುದು ಅಗ್ರೋಬ್ಯಾಕ್ಟೀರಿಯಂ. ಮಣ್ಣಿನಲ್ಲಿರುವ ಈ ಬ್ಯಾಕ್ಟೀರಿಯಾ ಗಾಯವಾದ ಗಿಡದೊಳಗೆ ತನ್ನ ಡಿಎನ್‌ಎಯ ತುಂಡೊಂದನ್ನು ಸೇರಿಸಿ, ಬುಡದಲ್ಲಿ ಗಂಟು ಬರಿಸುತ್ತದೆ. ಹೀಗೆ ಡಿಎನ್‌ಎ ಗಿಡಕ್ಕೆ ಸೇರುವುದನ್ನು 1977ರಲ್ಲಿ ಮೇರಿ-ಡೆಲ್ ಚಿಲ್ಟನ್ ಮತ್ತು ಜೊತೆಗಾರರು ತೋರಿಸಿದರು. ಗಂಟು ಬರಿಸುವ ಜೀನ್‌ಗಳನ್ನು ಕಿತ್ತು ಅಲ್ಲಿ ನಮಗೆ ಬೇಕಾದ ಜೀನ್ ಇಟ್ಟರೆ, ಬ್ಯಾಕ್ಟೀರಿಯಾ ಅದನ್ನೇ ಸಾಗಿಸುತ್ತದೆ. ತಮಾಷೆ ನೋಡಿ, ಇದರ ದಾಯಾದಿ ಅಗ್ರೋಬ್ಯಾಕ್ಟೀರಿಯಂ ವೈಟಿಸ್ ದ್ರಾಕ್ಷಿ ತೋಟಕ್ಕೇ ಗಂಟು ರೋಗ ತರುವ ಶತ್ರು.

ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಅನುಮತಿ ಇರುವ ಲ್ಯಾಬ್‌ನಲ್ಲಿ ಹೇಗೆ ನಡೆಯುತ್ತದೆ ಎಂದು ನೋಡೋಣ.

ಮೊಗ್ಗು ಕೀಳುವ ಹೊತ್ತು

ಜೀನ್ ಕಳಿಸಲು ಮೊದಲು ಗಿಡವಾಗಿ ಎದ್ದು ಬರಬಲ್ಲ ಜೀವಕೋಶಗಳು ಬೇಕು. ಅವನ್ನು ಹೂಮೊಗ್ಗಿನೊಳಗಿನ ಪರಾಗಕೋಶದಿಂದ ಬೆಳೆಸಿಕೊಳ್ಳುತ್ತಾರೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಗೊಂಚಲು ಹೊರಬರುತ್ತದೆ. ಹೂ ಅರಳುವುದಕ್ಕೆ ಸಾಕಷ್ಟು ದಿನ ಮುಂಚೆ, ಮೊಗ್ಗು ಇನ್ನೂ ಪುಟ್ಟದಾಗಿ ಹಸಿರಾಗಿ ಇರುವಾಗಲೇ ಕೀಳಬೇಕು. ಒಳಗಿನ ಪರಾಗಕೋಶ ತೆಳು ಹಸಿರಾಗಿ, ಆಚೆ ಬದಿ ಕಾಣುವಷ್ಟು ತಿಳಿಯಾಗಿರಬೇಕು. ಹಳದಿ ತಿರುಗಿದರೆ ತಡವಾಯಿತು ಎಂದೇ ಅರ್ಥ. ಮೊಗ್ಗನ್ನು ಕೆಲವು ದಿನ 4 ಡಿಗ್ರಿ ತಂಪಿನಲ್ಲಿಟ್ಟು, ಬ್ಲೀಚ್ ದ್ರಾವಣದಲ್ಲಿ ತೊಳೆದು, ಮೈಕ್ರೋಸ್ಕೋಪ್ ಕೆಳಗೆ ಪರಾಗಕೋಶ ಬಿಡಿಸುತ್ತಾರೆ. ನಂತರ 2,4-ಡಿ ಮತ್ತು ಬಿಎಪಿ ಎಂಬ ಬೆಳವಣಿಗೆಯ ಹಾರ್ಮೋನ್ ಬೆರೆಸಿದ ಅಗರ್ (ಜೆಲ್ಲಿಯಂಥ ಆಹಾರ) ತಟ್ಟೆಯಲ್ಲಿ ಕತ್ತಲಲ್ಲಿ ಇಡುತ್ತಾರೆ.

ಈಗ ತಿಂಗಳುಗಟ್ಟಲೆ ಕಾಯಬೇಕು. ಹೆಚ್ಚಿನವು ಕಂದಾಗಿ ಸಾಯುತ್ತವೆ. ಕೆಲವು ಮೆತ್ತಗೆ ಊದಿಕೊಂಡರೂ ಉಪಯೋಗಕ್ಕೆ ಬರುವುದಿಲ್ಲ. ನಮಗೆ ಬೇಕಾದ್ದು ರವೆ ಉಪ್ಪಿಟ್ಟಿನಂತೆ ಉದುರುದುರಾದ ಕ್ಯಾಲಸ್, ಅಂದರೆ ಇನ್ನೂ ಎಲೆ-ಬೇರು ಎಂದು ತೀರ್ಮಾನವಾಗದ ಜೀವಕೋಶಗಳ ಗುಂಪು. ಇದರಲ್ಲಿ ಬೀಜವಿಲ್ಲದೆಯೇ ಭ್ರೂಣಗಳು ಮೂಡುತ್ತವೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಜೀನ್ ಸೇರಿಸುವ ಬಗ್ಗೆಯೇ ಎಲ್ಲರೂ ಜಾಸ್ತಿ ಮಾತಾಡುತ್ತಾರೆ, ಆದರೆ ಒಂದು ಕೋಶದಿಂದ ಗಿಡ ಎದ್ದು ಬರದಿದ್ದರೆ ಜೀನ್ ಸೇರಿ ಏನು ಪ್ರಯೋಜನ?

ಮೂರು ದಿನದ ಸಹವಾಸ

ಬ್ಯಾಕ್ಟೀರಿಯಾವನ್ನು ರಾತ್ರಿಯಿಡೀ ಬೆಳೆಸುತ್ತಾರೆ. ಇಎಚ್‌ಎ105 ಎಂಬ ತಳಿ ದ್ರಾಕ್ಷಿಗೆ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಅಸಿಟೋಸಿರಿಂಗೋನ್ ಸೇರಿಸುತ್ತಾರೆ. ಇದು ಗಾಯಗೊಂಡ ಗಿಡ ತಾನೇ ಹೊರಹಾಕುವಂಥ ರಾಸಾಯನಿಕ. ಇದರ ವಾಸನೆ ಹಿಡಿದರೆ ಬ್ಯಾಕ್ಟೀರಿಯಾ ಚುರುಕಾಗುತ್ತದೆ. ಕ್ಯಾಲಸ್ ಅಥವಾ ಎಳೆ ಭ್ರೂಣಗಳನ್ನು ಈ ದ್ರಾವಣದಲ್ಲಿ ಸುಮಾರು 10 ನಿಮಿಷ ಅದ್ದಿ, ನೀರು ಹೀರಿಸಿ, 25 ಡಿಗ್ರಿಯ ಕತ್ತಲಲ್ಲಿ ಎರಡು ಮೂರು ದಿನ ಒಟ್ಟಿಗೆ ಬಿಡುತ್ತಾರೆ. ಜಾಸ್ತಿ ಬಿಟ್ಟರೆ ಬ್ಯಾಕ್ಟೀರಿಯಾ ಎಲ್ಲವನ್ನೂ ಮುಚ್ಚಿಬಿಡುತ್ತದೆ. ದ್ರಾಕ್ಷಿಯ ಕೋಶಗಳೂ ದಾಳಿಗೆ ಹೆದರಿ ಕಪ್ಪಾಗುತ್ತವೆ. ಕಪ್ಪಾಗುವುದನ್ನು ತಡೆಯಲು ಆಸ್ಕಾರ್ಬಿಕ್ ಆಮ್ಲದಂಥವನ್ನು ಬೆರೆಸುವುದುಂಟು.

ಕೊಲ್ಲುವುದು, ಆರಿಸುವುದು

ಕೆಲಸ ಮುಗಿಸಿದ ಬ್ಯಾಕ್ಟೀರಿಯಾವನ್ನು ಸೆಫೊಟ್ಯಾಕ್ಸಿಮ್, ಕಾರ್ಬೆನಿಸಿಲಿನ್‌ನಂಥ ಆಂಟಿಬಯಾಟಿಕ್‌ಗಳಲ್ಲಿ ತೊಳೆದು ಕೊಲ್ಲಬೇಕು. ಜೀನ್ ಸೇರಿದ ಕೋಶಗಳು ಕೆಲವೇ ಕೆಲವು. ಅವನ್ನು ಹುಡುಕುವುದು ಹೇಗೆ? ಬೇಕಾದ ಜೀನ್ ಜೊತೆ ಕ್ಯಾನಮೈಸಿನ್ ಎಂಬ ಆಂಟಿಬಯಾಟಿಕ್ ತಡೆಯುವ ಜೀನನ್ನೂ ಮೊದಲೇ ಕಟ್ಟಿರುತ್ತಾರೆ. ಲೀಟರಿಗೆ 50ರಿಂದ 100 ಮಿಲಿಗ್ರಾಂ ಕ್ಯಾನಮೈಸಿನ್ ಇರುವ ತಟ್ಟೆಗೆ ಹಾಕಿದರೆ ಜೀನ್ ಇಲ್ಲದವು ಸಾಯುತ್ತವೆ, ಇರುವವು ಬೆಳೆಯುತ್ತವೆ. ಇಲ್ಲಿ ಕೈ ಹಿಡಿತ ಬೇಕು. ದ್ರಾಕ್ಷಿಗೆ ಕ್ಯಾನಮೈಸಿನ್ ಕಂಡರೆ ಆಗುವುದೇ ಇಲ್ಲ, ಸಾಯುವ ಕೋಶಗಳು ಬಿಡುವ ವಿಷದಿಂದ ಪಕ್ಕದ ಒಳ್ಳೆಯವೂ ಸೊರಗುತ್ತವೆ. ನೀಲಿ ಬೆಳಕಲ್ಲಿ ಕೋಶವನ್ನು ಹಸಿರಾಗಿ ಮಿನುಗಿಸುವ ಜಿಎಫ್‌ಪಿ ಜೀನ್ ಸೇರಿಸಿದ್ದರೆ ನೋಡಿಯೇ ಆರಿಸಬಹುದು.

ತಟ್ಟೆಯಿಂದ ಕುಂಡಕ್ಕೆ

ಉಳಿದ ಭ್ರೂಣಗಳನ್ನು ಬೆಳಕಿಗೆ ತಂದು ಮೊಳಕೆ ಬರಿಸುತ್ತಾರೆ. ಕೆಲವು ಬೇರು ಮಾತ್ರ ಬಿಟ್ಟು, ಮೇಲೆ ಚಿಗುರದೆ ಕೂತುಬಿಡುತ್ತವೆ. ಚಿಗುರಿದವುಗಳಲ್ಲಿ ಜೀನ್ ಇದೆಯೇ ಎಂದು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಯಲ್ಲಿ ನೋಡಿ, ಕುಂಡಕ್ಕೆ ಹಾಕಿ, ಪ್ಲಾಸ್ಟಿಕ್ ಮುಚ್ಚಿ, ತೇವ ಮೆಲ್ಲಗೆ ಕಡಿಮೆ ಮಾಡುತ್ತಾ ಹೊರಗಾಳಿಗೆ ಒಗ್ಗಿಸುತ್ತಾರೆ.

ಹೀಗೆ ಜೀನ್ ಸೇರಿಸಿ ಬೆಳೆಸಿದ ಪೂರ್ಣ ದ್ರಾಕ್ಷಿ ಗಿಡಗಳ ವರದಿ 1990ರಲ್ಲಿ ಬಂತು. ತೋಟಕ್ಕೆ ಹೋಗುವ ದಾರಿ ಇನ್ನೂ ಉದ್ದ. ಫ್ರಾನ್ಸಿನ ಕೋಲ್ಮಾರ್‌ನಲ್ಲಿ ವೈರಸ್ ತಡೆಯಲೆಂದು ಜೀನ್ ಸೇರಿಸಿ ನೆಟ್ಟಿದ್ದ 70 ಗಿಡಗಳನ್ನು 2010ರಲ್ಲಿ ವಿರೋಧಿಗಳು ಕಿತ್ತೆಸೆದರು. ನಮ್ಮಲ್ಲಿ ಇಂಥ ಗಿಡ ಬೆಳೆಗಾರರ ಕೈಗೆ ಬರಬೇಕಾದರೆ ಜಿಇಎಸಿ (ಜೀನ್ ಬದಲಿಸಿದ ಬೆಳೆಗಳನ್ನು ಪರಿಶೀಲಿಸುವ ಕೇಂದ್ರ ಸರ್ಕಾರದ ಸಮಿತಿ) ಒಪ್ಪಿಗೆ ಕಡ್ಡಾಯ.