ಹಳದಿ ನೀರಿನ ಜಾಗದಲ್ಲಿ 36 ಮನೆ

ಪಾಯದ ಮಣ್ಣು ಹೇಗಿದೆ ನೋಡೋಣ ಅಂತ ಆರಡಿ ಆಳದ ಒಂದು ಗುಂಡಿ ತೆಗೆಸಿದ್ದೆವು. ರಾತ್ರಿ ಮಳೆ ಬಂತು. ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿದರು. "ಸಾರ್, ಗುಂಡೀಲಿ ಅರಿಶಿನ ಕಲಸಿದಂಗೆ ನೀರು ನಿಂತದೆ. ಒಂದ್ಸಲ ಬಂದು ನೋಡಿ."

ಕೆಮ್ಮಣ್ಣಿನ ಗುಂಡಿಯಲ್ಲಿ ನೀರು ಕೆಂಪಗೆ ಇರಬೇಕು. ಇದು ಮಾಗಿದ ನಿಂಬೆಹಣ್ಣಿನ ಬಣ್ಣ. ಯಾರೂ ಇಳಿಯಬೇಡಿ ಅಂತ ಹೇಳಿ ಕೆಲಸ ನಿಲ್ಲಿಸಿದೆ.

ಇದು 2018ರ ಮಾತು. ನಾನು ಸಿವಿಲ್ ಎಂಜಿನಿಯರ್. ಕಾರ್ಖಾನೆಗಳ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಹಲವು ವರ್ಷ ದುಡಿದವನು. ಜಾಗ ಬೆಂಗಳೂರಿನ ಪಶ್ಚಿಮಕ್ಕೆ, ಪೀಣ್ಯದಿಂದ ಹೆಚ್ಚು ದೂರವಿಲ್ಲ. 20 ಗುಂಟೆ. ಗಾರ್ಮೆಂಟ್ಸ್, ಲೇತ್, ಪೌಡರ್ ಕೋಟಿಂಗ್ ಕೆಲಸದ 36 ಕುಟುಂಬಗಳು ಮನೆ ಕಟ್ಟಿಕೊಳ್ಳೋಕೆ ಅಂತ ಸಂಘ ಮಾಡಿಕೊಂಡಿದ್ದರು. ಚೀಟಿ ಎತ್ತಿ, ಒಡವೆ ಅಡವಿಟ್ಟು ಅಡ್ವಾನ್ಸ್ ಕೊಟ್ಟಿದ್ದರು. ಬೆಲೆ ಅಕ್ಕಪಕ್ಕದ ಜಾಗಗಳಿಗಿಂತ ಹೆಚ್ಚುಕಡಿಮೆ ಅರ್ಧ. ಮುಂಚೆ ಅಲ್ಲಿ ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಕೊಡುವ ಶೆಡ್ ಇತ್ತು. ಅದು ಮುಚ್ಚಿ 9 ವರ್ಷವಾಗಿತ್ತು. ಎಲ್ಲಾ ಖಾಲಿ ಮಾಡಿದ್ದೀವಿ ಅಂತ ಮಾರುವವರು ಹೇಳಿದ್ದರು. ಮೇಲೆ ನೋಡಿದರೆ ಖಾಲಿಯೇ ಇತ್ತು.

ಹಳದಿ ನೀರನ್ನು ಒಂದು ಸಣ್ಣ ಶೀಸೆಗೆ ತುಂಬಿಕೊಂಡೆ. ಎರಡು ಹನಿ ಆಸಿಡ್, ಆಮೇಲೆ ಕ್ರೋಮಿಯಂ ಪತ್ತೆಗೆ ಹಾಕುವ ಡೈಫಿನೈಲ್ ಕಾರ್ಬಜೈಡ್. ನೋಡ್ತಾ ನೋಡ್ತಾ ಅದು ಜಂಬುನೇರಳೆ ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತು. ಹೆಕ್ಸಾವೇಲೆಂಟ್ ಕ್ರೋಮಿಯಂ. ಇದು ನೀರಿನಲ್ಲಿ ಕರಗಿ ನೀರಿನ ಜೊತೆಗೇ ಹರಿಯುತ್ತದೆ. ಕ್ಯಾನ್ಸರ್ ತರುತ್ತದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಆ ಮಟ್ಟದಲ್ಲಿ ಕಣ್ಣಿಗೆ ಬಣ್ಣವೇ ಕಾಣಲ್ಲ. ಇಲ್ಲಿ ಬರಿಗಣ್ಣಿಗೇ ಹಳದಿ ಕಾಣುತ್ತಿತ್ತು.

ವಿಷ ಎಲ್ಲೆಲ್ಲಿದೆ ಅಂತ ಗೊತ್ತಾಗಬೇಕಿತ್ತು. ಖಾತೆ, ಕಂದಾಯ ರಸೀದಿ, ಹಳೇ ಪ್ಲ್ಯಾನ್ ಎಲ್ಲಾ ತಿರುವಿ ಹಾಕಿದೆ. ಎಲ್ಲೂ ಒಂದು ಸುಳಿವಿಲ್ಲ. ಕೊನೆಗೆ ಹತ್ತಿರದ ಟೀ ಅಂಗಡಿಯವರು ಆ ಶೆಡ್ಡಿನಲ್ಲಿ 20 ವರ್ಷ ಕೆಲಸ ಮಾಡಿದ ಒಬ್ಬರ ಮನೆ ತೋರಿಸಿದರು. "ಯಜಮಾನ್ರೇ, ತೊಟ್ಟಿ ಎಲ್ಲಿತ್ತು?" ಅಂತ ಕೇಳಿದೆ. ಕ್ಯಾಲೆಂಡರ್ ಹಾಳೆ ಹಿಂದೆ ತಿರುಗಿಸಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಕ್ರೋಮ್ ತೊಟ್ಟಿ ಇಲ್ಲಿ, ತೊಳೆಯುವ ತೊಟ್ಟಿ ಇಲ್ಲಿ, ಚರಂಡಿ ಹೀಗೆ. ಹಿಂದಿನ ಗೋಡೆ ಪಕ್ಕ ಒಂದು ಸೊನ್ನೆ ಬರೆದರು. "ಇದು ಇಂಗುಗುಂಡಿ. ಪೊಲ್ಯೂಷನ್ ಬೋರ್ಡಿನವರು ಬರ್ತಾರೆ ಅಂದಾಗ ಮೇಲೆ ಕಲ್ಲು ಮುಚ್ಚಿ ಮಣ್ಣು ಹಾಕ್ತಿದ್ವಿ."

ಅವರ ಬೆರಳುಗಳ ಮೇಲೆ ಗುಂಡಿ ಬಿದ್ದ ಹಳೇ ಹುಣ್ಣಿನ ಕಲೆಗಳಿದ್ದವು. ಮೂಗಿನೊಳಗಿನ ನಡುಗೋಡೆ ತೂತಾಗಿತ್ತು. ಕ್ರೋಮ್ ಆವಿಯಲ್ಲಿ ವರ್ಷಗಟ್ಟಲೆ ನಿಂತವರಿಗೆ ಹೀಗಾಗುತ್ತದೆ. ನೋವಿಲ್ಲ ಸಾರ್, ಉಸಿರಾಡುವಾಗ ಸಿಳ್ಳೆ ಹಾಕಿದಂಗೆ ಸದ್ದು ಬರುತ್ತೆ ಅಷ್ಟೇ ಅಂದರು. ಆ ಕ್ಯಾಲೆಂಡರ್ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಅದನ್ನೇ ಇಟ್ಟುಕೊಂಡು 23 ಕಡೆ, ಮೂರು ಮೂರು ಆಳದಲ್ಲಿ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿದೆವು. ಅವರು ಬರೆದ ಸೊನ್ನೆಯ ಸುತ್ತಲೇ ಕ್ರೋಮಿಯಂ ಜಾಸ್ತಿ ಬಂತು. ವರದಿ ಹಿಡಿದುಕೊಂಡು ಸಂಘದವರು ಮತ್ತೆ ಮಾತುಕತೆಗೆ ಕೂತರು. ನಾಲ್ಕು ತಿಂಗಳ ಜಗ್ಗಾಟದ ಮೇಲೆ ಬೆಲೆ ಇನ್ನಷ್ಟು ಇಳಿಯಿತು. ಆ ಉಳಿದ ದುಡ್ಡನ್ನು ಕಟ್ಟಡಕ್ಕೆ ಮುಟ್ಟಬೇಡಿ, ಅದು ಮಣ್ಣಿನ ದುಡ್ಡು ಅಂತ ಹಟ ಹಿಡಿದೆ. ಇಂಥ ಜಾಗಕ್ಕೆ ಯಾರಾದರೂ ಕೈ ಹಾಕುವುದಾದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಮಣ್ಣು ಪರೀಕ್ಷೆ ಮಾಡಿಸಿ. ಅಮೆರಿಕದ ಲವ್ ಕೆನಾಲ್‌ನಲ್ಲಿ 1953ರಲ್ಲಿ ಒಂದು ರಾಸಾಯನಿಕ ಕಂಪನಿ ತಾನು ವಿಷ ಹೂತಿದ್ದ ಜಾಗವನ್ನು ಶಾಲಾ ಮಂಡಳಿಗೆ 1 ಡಾಲರಿಗೆ ಕೊಟ್ಟಿತ್ತು. 1978ರಲ್ಲಿ ಅಲ್ಲಿನ ಜನ ಮನೆ ಬಿಟ್ಟು ಹೋಗಬೇಕಾಯಿತು.

ಇಂಗುಗುಂಡಿಯ ಸುತ್ತಲಿನ ಮಣ್ಣನ್ನು ಪೂರ್ತಿ ತೆಗೆಸಿದೆವು. ಅದನ್ನು ಎಲ್ಲೋ ಕೆರೆ ಅಂಚಿಗೆ ಸುರಿಯುವ ಹಾಗಿಲ್ಲ. ಟಾರ್ಪಾಲು ಕಟ್ಟಿದ ಟಿಪ್ಪರ್‌ಗಳಲ್ಲಿ ದಾಬಸ್‌ಪೇಟೆ ಹತ್ತಿರದ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಹೋಯಿತು. ಪ್ರತಿ ಲೋಡಿಗೂ ಬೇರೆ ಬೇರೆ ಬಣ್ಣದ 7 ಪ್ರತಿಯ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ. ಕಡಿಮೆ ವಿಷ ಇದ್ದ ಮಣ್ಣಿಗೆ ಫೆರಸ್ ಸಲ್ಫೇಟ್ ಕಲಸಿದೆವು. ಅದು ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಅನ್ನೋ ಇನ್ನೊಂದು ರೂಪದ ಕ್ರೋಮಿಯಂ ಮಾಡುತ್ತದೆ. ಟ್ರೈವೇಲೆಂಟಿನ ವಿಷ ಬಹಳ ಕಡಿಮೆ, ಮಣ್ಣಿಗೆ ಅಂಟಿಕೊಂಡು ಸುಮ್ನೆ ಕೂರುತ್ತದೆ. ಒಂದು ತಪ್ಪು ನನ್ನಿಂದಲೇ ಆಯಿತು. ಮೊದಲ ವಾರ ಜೆಸಿಬಿ ಬಕೆಟ್ಟಿನಲ್ಲೇ ಕಲಸಿದರೆ ಸಾಕು ಅಂದುಕೊಂಡೆ. ಉಂಡೆ ಒಡೆದು ನೋಡಿದರೆ ಒಳಗಿನ ಮಣ್ಣಿಗೆ ಪುಡಿ ತಾಗಿರಲೇ ಇಲ್ಲ. ಎಲ್ಲವನ್ನೂ ಪುಡಿ ಮಾಡಿ, ನೀರು ಹಾಕಿ, ಮತ್ತೆ ಕಲಸಿದೆವು. ಮೂರು ವಾರ ಹೋಯಿತು.

ಆಗ ಇಂಥ ಜಾಗಗಳಿಗೆ ಅಂತಲೇ ಪ್ರತ್ಯೇಕ ನಿಯಮ ಇರಲಿಲ್ಲ. ಕೇಂದ್ರ ಸರ್ಕಾರ ಅದನ್ನು ಹೊರಡಿಸಿದ್ದು 2025ರ ಜುಲೈನಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಾಲುದಾರಿಕೆ ನೆರವಿಗೆ ಕನಿಷ್ಠ 250 ಮನೆ ಬೇಕಿತ್ತು, ನಮ್ಮದು ಬರೀ 36. ಆದರೆ 6 ಲಕ್ಷದವರೆಗಿನ ಸಾಲಕ್ಕೆ ಶೇ. 6.5 ಬಡ್ಡಿ ಸಬ್ಸಿಡಿ ಸಿಕ್ಕಿತು. ಎಷ್ಟೋ ಮನೆಗಳು ಅದರಿಂದಲೇ ಉಳಿದವು.

ಮಣ್ಣಿನ ಕೆಲಸ ಮುಗಿದರೂ ಕೆಳಗಿನ ನೀರಿನಲ್ಲಿ ಸ್ವಲ್ಪ ಉಳಿದೇ ಇತ್ತು. ಹಾಗಾಗಿ ಕಟ್ಟಡವನ್ನೇ ಬದಲಾಯಿಸಿದೆವು. ನೆಲಮಟ್ಟದಲ್ಲಿ ಒಂದೂ ಮನೆ ಇಲ್ಲ, ಪಾರ್ಕಿಂಗ್ ಮಾತ್ರ. ಇಡೀ ನೆಲಕ್ಕೆ ಕಾಂಕ್ರೀಟ್. ಸಂಪ್ ನೆಲದೊಳಗೆ ಬೇಡ ಅಂದೆ. ಬಿರುಕು ಬಿಟ್ಟರೆ ಹೊರಗಿನ ನೀರು ಒಳಗೆ ಜಿನುಗುತ್ತದೆ ಅಲ್ವಾ? ಕಾವೇರಿ ನೀರಿಗೆ ನೆಲದ ಮೇಲೇ ತೊಟ್ಟಿ ಕಟ್ಟಿಸಿದೆವು. ಮಳೆಕೊಯ್ಲು ಕಡ್ಡಾಯ, ಆದರೆ ಇಲ್ಲಿ ನೀರು ಇಂಗಿಸಿದರೆ ಉಳಿದ ವಿಷವೂ ಜೊತೆಗೆ ಇಳಿಯುತ್ತದೆ. ಅದಕ್ಕೇ ಚಾವಣಿ ನೀರನ್ನೆಲ್ಲಾ ಟ್ಯಾಂಕಿಗೆ ತುಂಬಿಸಿ, ಹೆಚ್ಚಾದದ್ದನ್ನು ರಸ್ತೆ ಚರಂಡಿಗೆ ಬಿಟ್ಟೆವು. ಇದನ್ನು ಒಪ್ಪಿಸೋಕೆ ಕಚೇರಿಗೆ ಎಷ್ಟು ಸಲ ಹೋದೆ ಅಂತ ಲೆಕ್ಕ ಇಟ್ಟಿಲ್ಲ.

ಬೀಗದ ಕೈ ಕೊಡುವ ಮುಂಚೆ ಎಲ್ಲರನ್ನೂ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಳಗೆ ಏನಿದೆ, ಯಾಕೆ ಬೋರ್‌ವೆಲ್ ಕೊರೆಸಬಾರದು, ಕಾಂಕ್ರೀಟ್ ಯಾಕೆ ಒಡೆಯಬಾರದು. ಹೇಳಿದರೆ ಜನ ಹೆದರ್ತಾರೆ ಅಂತ ಸಂಘದಲ್ಲೇ ಕೆಲವರಿಗೆ ಇಷ್ಟವಿರಲಿಲ್ಲ. ಒಬ್ಬ ಅಮ್ಮ ಎದ್ದು "ಕರಿಬೇವಿನ ಗಿಡ ಹಾಕಬಹುದಾ ಸಾರ್?" ಅಂತ ಕೇಳಿದರು. ನೆಲದಲ್ಲಿ ಬೇಡಮ್ಮ, ಹೊರಗಿನ ಮಣ್ಣು ತಂದು ಡ್ರಮ್ಮಿನಲ್ಲಿ ಹಾಕಿ ಅಂದೆ. ಈಗ ಪಾರ್ಕಿಂಗ್ ಅಂಚಿನಲ್ಲಿ ನೀಲಿ ಡ್ರಮ್ಮುಗಳ ಸಾಲೇ ಇದೆ.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೋಗಿ ನಾಲ್ಕು ಮೂಲೆಯ ಪರೀಕ್ಷಾ ಬಾವಿಗಳ ನೀರು ತೆಗೆದು ಶೀಸೆಯಲ್ಲಿ ಅದೇ ಪರೀಕ್ಷೆ ಮಾಡುತ್ತೇನೆ. ಮಕ್ಕಳು ಸುತ್ತ ನಿಂತು ಬಣ್ಣ ಬರುತ್ತಾ ಅಂತ ನೋಡುತ್ತಾರೆ. ಮೂರು ಶೀಸೆ ತಿಳಿಯಾಗೇ ಉಳಿಯುತ್ತವೆ. ಪಶ್ಚಿಮ ಮೂಲೆಯದು ಮಾತ್ರ ಇನ್ನೂ ತೆಳ್ಳಗೆ ಗುಲಾಬಿಗೆ ತಿರುಗುತ್ತದೆ. ಆ ಕಡೆ ಕಾಂಪೌಂಡಿನ ಆಚೆ ಇನ್ನೊಂದು ಹಳೇ ಶೆಡ್ ಇದೆ. ಅದಕ್ಕೂ ಈಗ ಮಾರಾಟದ ಬೋರ್ಡ್ ಬಿದ್ದಿದೆ. ನಮ್ಮ ಸಂಘದ ಕಾರ್ಯದರ್ಶಿ ನಮ್ಮ ಲ್ಯಾಬ್ ವರದಿಯ ಹತ್ತು ಜೆರಾಕ್ಸ್ ಮಾಡಿಸಿ ಎದುರಿನ ಟೀ ಅಂಗಡಿಯಲ್ಲಿ ಇಟ್ಟಿದ್ದಾರೆ, ಜಾಗ ನೋಡೋಕೆ ಬಂದವರಿಗೆ ಒಂದೊಂದು ಕೊಡಿ ಅಂತ.